ಗ್ರಂಥಾಲಯಗಳನ್ನು ಕೂಡಿಸಲೆಳಸಿದ ರಂಗನಾಥನ್

ನಮ್ಮ ಹೋಟಗಿ ಜಂಕ್ಷನ್ನಿನಲ್ಲಿ ವಾಡಿಯ ಹಳಿಯೂ ಗದಗಿನ ಹಳಿಯೂ ಕೂಡುತ್ತವೆ. ಹಳಿಗಳು ಕೂಡಿದ್ದರಿಂದಲೇ ಈ ಚಿಕ್ಕ ಊರಿಗೆ ದೂರದ ಪಟ್ಟಣಗಳು ಹತ್ತಿರವಾದವು. ಗ್ರಂಥಾಲಯಗಳೂ ಹೀಗೆ ಕೂಡಬೇಕೆಂದು ದುಡಿದ ಮಹನೀಯರು ಶಿಯಾಳಿ ರಾಮಾಮೃತ ರಂಗನಾಥನ್.

ಇವರು 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಕಲಿತದ್ದು ಗಣಿತ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದಾಗ, ಮಾತಿಗೆ ಯಾರೂ ಇಲ್ಲದ ಆ ಕೆಲಸ ಒಂದೇ ವಾರದಲ್ಲಿ ಬೇಸರ ತಂದಿತು. ಪಾಠ ಹೇಳುವ ಕೆಲಸಕ್ಕೇ ಮರಳಿಸಿರೆಂದು ಬೇಡಿಕೊಂಡರು! ಮೊದಲು ಲಂಡನ್ನಿಗೆ ಹೋಗಿಬನ್ನಿ, ಆಮೇಲೆ ನೋಡೋಣವೆಂದು ಅವರನ್ನು ಒಪ್ಪಿಸಿ ಕಳಿಸಲಾಯಿತು. ಅಲ್ಲಿ ಎಷ್ಟೋ ಗ್ರಂಥಾಲಯಗಳನ್ನು ಸುತ್ತಿದರು. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ, ಕೂಲಿಕಾರನಿಗೂ ಮಗುವಿಗೂ ಮುಟ್ಟಬೇಕಾದದ್ದು ಎಂಬುದು ಮನಸ್ಸಿನಲ್ಲಿ ನಾಟಿತು. ಮರಳಿ ಬಂದವರು ಪಾಠದ ಮಾತೆತ್ತಲಿಲ್ಲ.

1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನೂ 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನೂ ಪ್ರಕಟಿಸಿದರು. ವೈದ್ಯಶಾಸ್ತ್ರದ ಪುಸ್ತಕವಾದರೆ ಯಾವ ಅವಯವ, ಯಾವ ರೋಗ, ಯಾವ ಚಿಕಿತ್ಸೆ ಎಂದು ಬಿಡಿಸಿ, ಒಂದೊಂದಕ್ಕೂ ಗುರುತು ಕೊಟ್ಟು ಜೋಡಿಸುವ ಕ್ರಮವದು. ಶ್ವಾಸಕೋಶದ ಕ್ಷಯದ ಪುಸ್ತಕ ಹುಡುಕುವ ವೈದ್ಯನಿಗೆ ಕಪಾಟೆಲ್ಲ ತಡಕುವ ತೊಂದರೆಯಿಲ್ಲ. ಹೊಸ ಪುಸ್ತಕ ಹೊರಬರುವ ಮೊದಲೇ ಒಂದು ಕಡೆ ಅದರ ವರ್ಗೀಕರಣ ಮುಗಿಯಲಿ, ಅದೇ ಕೆಲಸವನ್ನು ನೂರು ಗ್ರಂಥಾಲಯಗಳು ನೂರು ಸಲ ಮಾಡುವುದೇಕೆ ಎಂಬುದು ಅವರ ವಾದ. ಗಣಿತದ ಮೇಷ್ಟರಲ್ಲವೇ, ವ್ಯರ್ಥ ಖರ್ಚು ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು. ತಮ್ಮ ಗಳಿಕೆಯನ್ನು ಮಾತ್ರ ಕೈಬಿಚ್ಚಿ ಕೊಟ್ಟರು. ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆಂದು, ಪತ್ನಿ ಶಾರದಾ ಅವರ ಹೆಸರಿನಲ್ಲಿ, ಮದರಾಸು ವಿಶ್ವವಿದ್ಯಾಲಯಕ್ಕೆ 1 ಲಕ್ಷ ರೂಪಾಯಿ ದಾನ ಮಾಡಿದರು.

1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ವೈದ್ಯಕೀಯ ಪತ್ರಿಕೆಗಳ ಬೆಲೆ ಪಾಲಕರು ಕೇಳಿದರೆ ಬೆರಗಾದಾರು. ಒಂದು ಕಾಲೇಜು ಎಲ್ಲವನ್ನೂ ತರಿಸಲಾರದು. ತರಿಸದಿದ್ದರೆ ಹೊಸ ಔಷಧದ ಸುದ್ದಿ ವೈದ್ಯನಿಗೆ ತಡವಾಗಿ ತಿಳಿಯುತ್ತದೆ, ಹಾನಿ ರೋಗಿಗೆ. ಗಡಿಯಾಚೆ ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಹೆಲಿನೆಟ್ ಎಂಬ ಕೂಟವನ್ನು ಆರಂಭಿಸಿತು. ಕಾಲೇಜುಗಳು ಕೂಡಿ ಚಂದಾ ಕಟ್ಟಿದವು, ಪತ್ರಿಕೆಗಳು ಕಂಪ್ಯೂಟರಿನ ಮೂಲಕ ಎಲ್ಲರಿಗೂ ದೊರೆತವು. ಅಷ್ಟರಲ್ಲಿ ರಂಗನಾಥನ್ ತೀರಿಕೊಂಡು 31 ವರ್ಷಗಳಾಗಿದ್ದವು.