ಶಾಸಕ ಶಾಂತವೇರಿ ಗೋಪಾಲಗೌಡರು

ಪ್ರತಿವರ್ಷ ಮಳೆಗಾಲದಲ್ಲಿ ಶಾಲೆಗಳಲ್ಲಿ ನಾಯಕನ ಚುನಾವಣೆ ನಡೆಯುತ್ತದೆ. ಗೆದ್ದವನಿಗೆ ಚಪ್ಪಾಳೆ, ಸೋತವನು ಬೆಂಚಿನ ಮೂಲೆಗೆ ಸರಿದು ಕೂಡುತ್ತಾನೆ. ಕಡಿಮೆ ಮತ ಬಂದವರಿಗೆ ಇನ್ನು ಏನು ಕೆಲಸ ಎಂಬ ಪ್ರಶ್ನೆಯನ್ನು ಮಕ್ಕಳು ನಮ್ಮಲ್ಲಿ ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಒಬ್ಬರ ಬಾಳನ್ನು ಇಲ್ಲಿ ಹೇಳಬೇಕೆಂದು ನಾವು ಬಯಸಿದ್ದೇವೆ. ಅವರು ನಮ್ಮ ಕಾಸರಗೋಡಿನವರಲ್ಲ, ಘಟ್ಟದ ಮೇಲಿನ ಮಲೆನಾಡಿನವರು. ಆದರೂ ಅವರು ಹಿಡಿದ ಎರಡು ವಿಷಯಗಳು, ಎಂದರೆ ಗೇಣಿದಾರನ ಭೂಮಿ ಮತ್ತು ಕನ್ನಡ, ಶಿರಿಯದ ಮನೆಮನೆಗೂ ಸಂಬಂಧಪಟ್ಟವು.

ಶಾಂತವೇರಿ ಎಂಬುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಆರಗದ ಹತ್ತಿರದ ಒಂದು ಸಣ್ಣ ಊರು. ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ಮನೆಯಲ್ಲಿ ಬಡತನವಿತ್ತು. 1942ರಲ್ಲಿ ಚಲೇಜಾವ್ ಚಳವಳಿ ಎದ್ದಾಗ ಅವರಿನ್ನೂ ವಿದ್ಯಾರ್ಥಿ. ಓದನ್ನು ಬದಿಗಿಟ್ಟು ಚಳವಳಿಗೆ ಧುಮುಕಿದರು, ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಂದಿನ ಅನೇಕ ಹೋರಾಟಗಾರರು ಕಾಂಗ್ರೆಸ್ಸಿನಲ್ಲಿ ಉಳಿದು ಅಧಿಕಾರದ ಸ್ಥಾನಗಳಿಗೆ ಬಂದರು. ಗೋಪಾಲಗೌಡರು ಹಿಡಿದದ್ದು ಸಮಾಜವಾದಿ ಪಕ್ಷದ ದಾರಿ. ರಾಮಮನೋಹರ ಲೋಹಿಯಾ ಅವರಿಗೆ ಗುರುಸ್ಥಾನದಲ್ಲಿದ್ದರು.

ಅವರನ್ನು ನಾಡಿಗೆ ಪರಿಚಯಿಸಿದ್ದು ಕಾಗೋಡು. ಇದು ಸಾಗರ ತಾಲೂಕಿನ ಒಂದು ಹಳ್ಳಿ. ಅಲ್ಲಿಯ ಗೇಣಿದಾರರು ಬಹುಪಾಲು ದೀವರು. ಗದ್ದೆಯ ಒಡೆತನ ಧನಿಗಳದು. ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಧನಿಗಳ ಕೊಳಗ ಸಾಮಾನ್ಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರು. ಒಂದೊಂದು ಕೊಳಗಕ್ಕೆ ಹಿಡಿಯಷ್ಟು ಹೆಚ್ಚು ಹೋದರೂ ವರ್ಷದ ಕೊನೆಗೆ ಎಷ್ಟಾಯಿತೆಂದು ಮಕ್ಕಳು ಲೆಕ್ಕ ಹಾಕಿ ನೋಡಲಿ. ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ಸರಿಯಾದ ಕೊಳಗ ಬೇಕು, ರಸೀದಿ ಬೇಕು ಎಂದು ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ರೈತರು ಸಂಘ ಕಟ್ಟಿದರು. ಕೇಳಿದ್ದಕ್ಕೆ ಉತ್ತರವಾಗಿ ಗದ್ದೆಗಳೇ ಕೈತಪ್ಪುವ ಹಾಗಾಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ನೇಗಿಲು ಹಿಡಿದು ತಾವು ಉಳುತ್ತಿದ್ದ ಗದ್ದೆಗೆ ಇಳಿಯುವುದು, ಪೊಲೀಸರು ದಸ್ತಗಿರಿ ಮಾಡುವುದು, ಮರುದಿನ ಇನ್ನೊಂದು ತಂಡ ಇಳಿಯುವುದು, ಇದೇ ಸತ್ಯಾಗ್ರಹದ ಕ್ರಮ. ಸಮಾಜವಾದಿ ಪಕ್ಷ ಈ ಹೋರಾಟವನ್ನು ಕೈಗೆತ್ತಿಕೊಂಡಿತು. ಅದರ ಮುಂದಾಳುಗಳಲ್ಲಿ ಗೋಪಾಲಗೌಡರು ಪ್ರಮುಖರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧನಕ್ಕೆ ಒಳಗಾದಾಗ ಕಾಗೋಡಿನ ಹೆಸರು ದಿಲ್ಲಿಗೂ ಮುಟ್ಟಿತು.

ಮರುವರ್ಷವೇ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಅವರಲ್ಲಿ ಹಣವಿರಲಿಲ್ಲ, ಕಾರಿರಲಿಲ್ಲ. ವಯಸ್ಸು ಮೂವತ್ತು ತುಂಬಿರಲಿಲ್ಲ. ಎದುರಿಗಿದ್ದುದು ಕಾಂಗ್ರೆಸ್. ಜನ ಗೋಪಾಲಗೌಡರನ್ನು ಗೆಲ್ಲಿಸಿದರು. ಆದರೆ ಸಭೆಯೊಳಗಿನ ಲೆಕ್ಕವೇ ಬೇರೆ. 1952ರ ಮೈಸೂರು ವಿಧಾನಸಭೆಯ 99 ಸದಸ್ಯರಲ್ಲಿ ಕಾಂಗ್ರೆಸ್ಸಿನವರು 74. ಸಮಾಜವಾದಿ ಪಕ್ಷದವರು ಕೇವಲ ಮೂವರು.

ಮೂರು ಮತಗಳೆಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರಕಾರ ಒಂದು ಮಸೂದೆ ತರುತ್ತದೆ. ವಿರೋಧಪಕ್ಷದವರು ಅದಕ್ಕೆ ತಿದ್ದುಪಡಿ ಸೂಚಿಸಬಹುದು. ಅಧ್ಯಕ್ಷರು ಅದನ್ನು ಮತಕ್ಕೆ ಹಾಕುತ್ತಾರೆ. ಒಪ್ಪುವವರು ಹೌದೆನ್ನಬೇಕು, ಒಪ್ಪದವರು ಇಲ್ಲವೆನ್ನಬೇಕು. ಎಪ್ಪತ್ತನಾಲ್ಕು ಜನರ ಧ್ವನಿಯಲ್ಲಿ ಮೂವರ ಧ್ವನಿ ಕೇಳಿಸುವುದೇ ಕಷ್ಟ. ಒಂದು ಕಾನೂನನ್ನಾದರೂ ತಮ್ಮ ಮತಬಲದಿಂದ ಬದಲಿಸುವ ಸ್ಥಿತಿಯಲ್ಲಿ ಗೋಪಾಲಗೌಡರು ಎಂದೂ ಇರಲಿಲ್ಲ. ಮಂತ್ರಿಯಾಗಲಿಲ್ಲ, ಆಳುವ ಪಕ್ಷದ ಕಡೆ ಒಂದು ದಿನವೂ ಕೂರಲಿಲ್ಲ. ಉಳಿದದ್ದು ಪ್ರಶ್ನೆ ಕೇಳುವ ಹಕ್ಕು, ಆಯವ್ಯಯದ ಮೇಲೆ ಮಾತಾಡುವ ಹಕ್ಕು. ಇವನ್ನೇ ಅವರು ಉಪಯೋಗಿಸಿದರು. ಬಗೆಹರಿಯದ ವಿಷಯವನ್ನು ಒಂದು ಅಧಿವೇಶನದಲ್ಲಿ ಬಿಟ್ಟರೂ ಮುಂದಿನದರಲ್ಲಿ ಬಿಡುತ್ತಿರಲಿಲ್ಲ. ಅವರ ಕೋಪವೂ ಪ್ರಸಿದ್ಧವಾಗಿತ್ತು. ಅದನ್ನು ಮುಚ್ಚಿಟ್ಟು ಹೊಗಳುವುದು ನಮಗೆ ಸರಿಕಾಣದು.

ಅವರಿಗೆ ಮೊದಲ ವಿಷಯ ಭೂಮಿ. ಉಳುವವನೇ ಹೊಲದ ಒಡೆಯನಾಗಬೇಕು ಎಂಬುದು ಅವರ ಪಕ್ಷದ ನಿಲುವು. ಆಗ ಕಂದಾಯ ಮಂತ್ರಿಯಾಗಿದ್ದ ಕಡಿದಾಳ ಮಂಜಪ್ಪನವರೂ ತೀರ್ಥಹಳ್ಳಿಯ ಕಡೆಯವರೇ, ಪ್ರಾಮಾಣಿಕರೆಂದು ಹೆಸರಾದವರು. ಅವರ ಕಾಲದಲ್ಲಿ 1952ರ ಗೇಣಿ ಕಾಯಿದೆಯೂ 1954ರ ಇನಾಂ ರದ್ದತಿ ಕಾಯಿದೆಯೂ ಬಂದವು. ಇವು ಸಣ್ಣ ಕೆಲಸಗಳಲ್ಲ. ಆದರೆ ಗೇಣಿ ಇಳಿಯುವುದು ಬೇರೆ, ಗೇಣಿಯೇ ಇಲ್ಲವಾಗುವುದು ಬೇರೆ. ಮುಂದೆ 1961ರ ಭೂಸುಧಾರಣಾ ಕಾಯಿದೆ ಬಂದಾಗಲೂ ಸ್ವಂತ ಬೇಸಾಯದ ಹೆಸರಿನಲ್ಲಿ ಧನಿ ಭೂಮಿಯನ್ನು ಹಿಂದಕ್ಕೆ ಪಡೆಯಲು ದಾರಿ ಉಳಿದೇ ಇತ್ತು. ಕಾಯಿದೆ ಜಾರಿಗೆ ಬಂದದ್ದು 1965ರಲ್ಲಿ.

ಎರಡನೆಯದು ಕನ್ನಡ. ಅಂದಿನ ಆಡಳಿತವೆಲ್ಲ ಇಂಗ್ಲಿಷಿನಲ್ಲಿ. ಗೇಣಿದಾರನ ಮೇಲೆ ಬರುವ ನೋಟೀಸು ಅವನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಕಾನೂನು ಅವನ ಪರವಾಗಿದ್ದೂ ಫಲವೇನು? ಗೋಪಾಲಗೌಡರು ಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಹಟ ಹಿಡಿದರು. ಅವರಿಗೆ ಕನ್ನಡವೆಂದರೆ ಬರೀ ಭಾವನೆಯ ವಿಷಯವಲ್ಲ, ಹೊಟ್ಟೆಪಾಡಿನ ವಿಷಯವೂ ಹೌದು. ಭಾವನೆಯೂ ಇತ್ತೆನ್ನಿ. ಕಾವ್ಯವೆಂದರೆ ಪ್ರಾಣ, ಸಂಗೀತವೆಂದರೆ ಊಟ ಮರೆಯುವವರು. ಕವಿ ಗೋಪಾಲಕೃಷ್ಣ ಅಡಿಗರು, ಯು.ಆರ್. ಅನಂತಮೂರ್ತಿಯವರು ಅವರ ಗೆಳೆಯರ ಬಳಗದಲ್ಲಿದ್ದರು.

ಮೂರನೆಯದು ಏಕೀಕರಣ ಮತ್ತು ನಾಡಿನ ಹೆಸರು. ಹಳೆಯ ಮೈಸೂರಿನ ಶಾಸಕರಲ್ಲಿ ಹಲವರಿಗೆ ಉಳಿದ ಕನ್ನಡ ಪ್ರದೇಶಗಳೊಡನೆ ಸೇರಿದರೆ ತಮ್ಮ ಪಾಲು ಕಡಿಮೆಯಾದೀತೆಂಬ ಅಂಜಿಕೆಯಿತ್ತು. ಗೋಪಾಲಗೌಡರು ಒಂದೇ ರಾಜ್ಯದ ಪರ ನಿಂತರು. 1956ರ ನವೆಂಬರ್ 1ರಂದು ರಾಜ್ಯವೇನೋ ಒಂದಾಯಿತು. ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತೆಂಬುದನ್ನು ಶಿರಿಯದ ಹಿರಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಾಡಿಗೆ ಕರ್ನಾಟಕವೆಂಬ ಹೆಸರು ಬೇಕೆಂಬ ಬೇಡಿಕೆಯನ್ನು ಗೋಪಾಲಗೌಡರು ಕೊನೆಯವರೆಗೂ ಬಿಡಲಿಲ್ಲ.

1957ರ ಚುನಾವಣೆಯಲ್ಲಿ ಅವರು ಸೋತರು. ಐದು ವರ್ಷ ಸಭೆಯ ಹೊರಗೆ. ಸೋತ ಶಾಸಕನ ಬಾಗಿಲಿಗೆ ಜನ ಬರುವುದು ಕಡಿಮೆ. ಸ್ವಂತ ಮನೆಬಾಗಿಲೇ ಸರಿಯಾಗಿಲ್ಲದವರ ಪಾಡನ್ನು ಹೇಳುವುದೇನು. ಅವರಾದರೋ ಊರೂರು ತಿರುಗಿ ಸಂಘಟನೆ ನಡೆಸಿದರು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು; 1967ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು. ಈ ನಡುವೆ 1963ರಲ್ಲಿ ರಾಜಭಾಷಾ ಕಾಯಿದೆ ಬಂದು ಕನ್ನಡ ಆಡಳಿತ ಭಾಷೆಯೆಂದು ಕಾಗದದ ಮೇಲೆ ಸ್ಥಿರವಾಯಿತು. ಏಕೀಕರಣವನ್ನು ಬಿಟ್ಟರೆ ಅವರ ಬೇಡಿಕೆಗಳಲ್ಲಿ ಅವರು ಕಣ್ಣಾರೆ ಕಂಡದ್ದು ಇಷ್ಟೇ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಸಮಾಜವಾದಿ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದರು. ಆ ಬಳಗದ ಮೇಲೆ ಗೋಪಾಲಗೌಡರ ಪ್ರಭಾವ ಎಷ್ಟಿತ್ತೆಂಬುದಕ್ಕೆ ಇದೊಂದು ಗುರುತು. ಪಟೇಲರೂ ಎಸ್. ಬಂಗಾರಪ್ಪನವರೂ ಮುಂದೆ ಮುಖ್ಯಮಂತ್ರಿಗಳಾದರು. ಕಾಗೋಡಿನಲ್ಲೇ ಹುಟ್ಟಿದ ತಿಮ್ಮಪ್ಪನವರು ವಿಧಾನಸಭೆಯ ಅಧ್ಯಕ್ಷರೂ ಕಂದಾಯ ಮಂತ್ರಿಯೂ ಆದರು.

ಅಷ್ಟು ಹೊತ್ತಿಗೆ ಗೋಪಾಲಗೌಡರ ಆರೋಗ್ಯ ಕೆಟ್ಟಿತ್ತು. 1972ರ ಜೂನ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ವಯಸ್ಸು ನಲವತ್ತೊಂಬತ್ತು. ಮೂರು ಬಾರಿ ಶಾಸಕರಾಗಿದ್ದವರು ಆಸ್ತಿಯೆಂದು ಹೇಳುವಂಥದ್ದೇನನ್ನೂ ಮಾಡಿರಲಿಲ್ಲ.

ಅದೇ ವರ್ಷದ ಜುಲೈ ತಿಂಗಳಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನಿರ್ಣಯ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ಆಗಿನ ಮುಖ್ಯಮಂತ್ರಿ ದೇವರಾಜ ಅರಸರು. 1952ರ ಸಭೆಗೆ ಹುಣಸೂರಿನಿಂದ ಆರಿಸಿ ಬಂದು, ಗೋಪಾಲಗೌಡರ ಮಾತುಗಳನ್ನು ಆಳುವ ಪಕ್ಷದ ಸಾಲಿನಲ್ಲಿ ಕುಳಿತು ಕೇಳಿದ್ದವರು. ಅವರ ಸರಕಾರವೇ ಭೂಸುಧಾರಣಾ ಕಾಯಿದೆಗೆ ದೊಡ್ಡ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಿಂದ ಗೇಣಿಪದ್ಧತಿಯೇ ರದ್ದಾಯಿತು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಒಡೆತನದ ಹಕ್ಕು ಪಡೆದರು. ಮಂಗಳೂರು, ಪುತ್ತೂರು ಕಡೆ ನೆಂಟರಿರುವವರು ಡಿಕ್ಲರೇಶನ್ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಅದು ಈ ಅರ್ಜಿಯೇ.

ನಮ್ಮ ಕಡೆ ಈ ಕೆಲಸ ಕೇರಳದ ಕಾನೂನಿನಿಂದ ಆಯಿತು. 1957ರಲ್ಲಿ ಬಂದ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಮೊದಲ ವಾರದಲ್ಲೇ ಒಕ್ಕಲೆಬ್ಬಿಸುವುದನ್ನು ತಡೆದು ಆಜ್ಞೆ ಹೊರಡಿಸಿತು. 1970ರ ಜನವರಿ 1ರಿಂದ ಗೇಣಿ ಕೊನೆಗೊಂಡಿತು. ಚಾಲಗೇಣಿ, ಮೂಲಗೇಣಿ, ಮುಡಿ ಅಕ್ಕಿಯ ಲೆಕ್ಕ, ಇವನ್ನೆಲ್ಲ ಬಲ್ಲ ಅಜ್ಜ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ಮಕ್ಕಳು ಅವರ ಹತ್ತಿರ ಕೂತು ಕೇಳಿ ಬರೆದಿಟ್ಟರೆ ಮುಂದಿನ ಸಂಚಿಕೆಗೆ ಒಳ್ಳೆಯ ಲೇಖನವಾದೀತು. ಕನ್ನಡದ ಮಾತು ಹೇಳುವುದಾದರೆ, 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. 140 ಸದಸ್ಯರ ಸಭೆಯಲ್ಲಿ ಆ ಭಾಷೆ ಎಷ್ಟು ಮಂದಿಗೆ ತಿಳಿಯುತ್ತದೆ ಎಂಬ ಲೆಕ್ಕವನ್ನು ಅಲ್ಲಿ ಯಾರೂ ಹಾಕಬೇಕಾಗಿರಲಿಲ್ಲ.

ಅನಂತಮೂರ್ತಿಯವರ ಅವಸ್ಥೆ ಎಂಬ ಕಾದಂಬರಿಯ ನಾಯಕನಲ್ಲಿ ಗೋಪಾಲಗೌಡರ ನೆರಳಿದೆ. ಕಾದಂಬರಿ ಕಾದಂಬರಿಯೇ, ಚರಿತ್ರೆಯಲ್ಲ. ಹಿರಿಯ ತರಗತಿಯವರು ಇದನ್ನು ನೆನಪಿಟ್ಟುಕೊಂಡು ಓದಬಹುದು. ಶೈಕ್ಷಣಿಕ ಪ್ರವಾಸಕ್ಕೆ ಬೆಂಗಳೂರಿಗೆ ಹೋದವರೆಲ್ಲ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ಪಕ್ಕದಲ್ಲಿ, ವಾಹನಗಳು ಸಿಗ್ನಲ್ಲಿಗೆ ನಿಲ್ಲುವ ಕಡೆ, ಗೋಪಾಲಗೌಡ ವೃತ್ತವಿದೆ. ಮುಂದಿನ ಸಲ ಹೋದಾಗ ಬಸ್ಸಿನ ಕಿಟಕಿಯಿಂದ ಆ ಫಲಕವನ್ನು ಹುಡುಕಿ ನೋಡಿ.