ಹುಟ್ಟೂರನ್ನು ಬರೆದ ಕಾರಂತರು

ಕೊಡಚಾದ್ರಿಯ ತಪ್ಪಲಿನ ಕೊಲ್ಲೂರನ್ನು ಹಾದು ಹರಿಯುವ ಸೌಪರ್ಣಿಕಾ ನದಿಯು ಮರವಂತೆಯ ಬಳಿ ಕಡಲ ಅಂಚಿಗೆ ಬಂದು, ಅಲ್ಲಿಂದ ತೆಂಕಣಕ್ಕೆ ತಿರುಗಿ ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುತ್ತದೆ. ಗಂಗೊಳ್ಳಿಯ ಆಚೆ ದಡದಲ್ಲಿ ಕುಂದಾಪುರ. ಅದನ್ನು ದಾಟಿ ದಕ್ಷಿಣಕ್ಕೆ ನಡೆದರೆ ಕೋಟ. ಮೂಡಣದಲ್ಲಿ ಘಟ್ಟ, ಪಡುವಣದಲ್ಲಿ ಕಡಲು, ನಡುವೆ ಗದ್ದೆ, ಹೊಳೆ, ತೆಂಗಿನ ತೋಟ. ಈ ನೆಲದಲ್ಲಿ ಬೆಳೆದ ಬಾಲಕನೊಬ್ಬನು ಮುಂದೆ ಇದನ್ನೇ ಕನ್ನಡ ನಾಡಿಗೆಲ್ಲ ಪರಿಚಯಿಸಿದನು. ಆತನೇ ಕೋಟ ಶಿವರಾಮ ಕಾರಂತ.

ಕಾರಂತರು ಜನಿಸಿದುದು 1902ರ ಅಕ್ಟೋಬರ್ 10ರಂದು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹುಟ್ಟೂರಿನಲ್ಲಿ ಅಕ್ಷರ ಕಲಿತ ಬಾಲಕನು ಪ್ರೌಢಶಾಲೆಯ ವಿದ್ಯೆಗಾಗಿ ಕುಂದಾಪುರಕ್ಕೆ ಹೋದನು. ಆದರೆ ಶಾಲೆಯೊಂದೇ ಆತನ ಗುರುವಾಗಿರಲಿಲ್ಲ. ಮಳೆಗಾಲದ ಹೊಳೆ, ಗದ್ದೆಯಲ್ಲಿ ದುಡಿಯುವ ಜನ, ರಾತ್ರಿಯಿಡೀ ಚಂಡೆಯ ಸದ್ದಿನೊಡನೆ ನಡೆಯುವ ಯಕ್ಷಗಾನ ಬಯಲಾಟ, ಇವೆಲ್ಲವೂ ಆತನಿಗೆ ಪಾಠ ಹೇಳಿದವು. ಬಯಲಾಟದ ಆಕರ್ಷಣೆಯಂತೂ ಬಾಳಿನುದ್ದಕ್ಕೂ ಬಿಡಲಿಲ್ಲ. ಆ ಕಲೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ ಅವರು ಬರೆದ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಕೇಳಿಬಂತು. ಇಪ್ಪತ್ತರ ಆಸುಪಾಸಿನ ತರುಣನು ಓದನ್ನು ತೊರೆದನು. ಪದವಿಯಿಲ್ಲ, ಉದ್ಯೋಗವಿಲ್ಲ, ಮುಂದಿನ ದಾರಿಯನ್ನು ತಾನೇ ಕಡಿದುಕೊಳ್ಳಬೇಕಾಗಿತ್ತು. ಖಾದಿ ಪ್ರಚಾರ, ‘ವಸಂತ’ ಪತ್ರಿಕೆ, ನಾಟಕ, ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ, ಹೀಗೆ ಅವರು ಕೈಹಾಕದ ಕ್ಷೇತ್ರವೇ ವಿರಳ. ಪುತ್ತೂರಿನ ಅವರ ನೆಲೆ ‘ಬಾಲವನ’ವೆಂದು ಹೆಸರಾಯಿತು.

ಇಂತಹ ಬಾಳನ್ನು ಹಿಂದಿರುಗಿ ನೋಡಿ ಅವರು ಬರೆದ ಆತ್ಮಕಥೆಯೇ 1948ರಲ್ಲಿ ಪ್ರಕಟವಾದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ತಮ್ಮ ಮನಸ್ಸನ್ನೇ ಹುಚ್ಚೆಂದು ಕರೆದುಕೊಂಡ ಈ ಹೆಸರಿನಲ್ಲಿಯೇ ಅವರ ನಿಷ್ಠುರತೆ ಕಾಣುತ್ತದೆ. ಆತ್ಮಕಥೆ ಬರೆಯುವವನಿಗೆ ಒಂದು ಅಪಾಯವುಂಟು. ದೂರದ ಬಾಲ್ಯವು ನೆನಪಿನಲ್ಲಿ ಸಿಹಿಯಾಗಿಯೇ ತೋರುತ್ತದೆ. ಸೋಲುಗಳು ಮರೆಯಾಗಿ ಗೆಲುವುಗಳು ದೊಡ್ಡದಾಗುತ್ತವೆ. ಕಾರಂತರು ತಮ್ಮನ್ನು ತಾವು ಅಲಂಕರಿಸಿಕೊಳ್ಳಲಿಲ್ಲ. ಮುಂದೆ ‘ಸ್ಮೃತಿಪಟಲದಿಂದ’ ಎಂಬ ಸಂಪುಟಗಳಲ್ಲಿಯೂ ಅವರು ಮತ್ತೆ ನೆನಪಿನ ದಾರಿಯನ್ನು ತುಳಿದರು.

ಊರಿನ ವಿಷಯದಲ್ಲಿಯೂ ಇದೇ ನಿಷ್ಠುರತೆ. ‘ಮರಳಿ ಮಣ್ಣಿಗೆ’ ಕಾದಂಬರಿಯ ಕಥೆ ನಡೆಯುವುದು ಕಡಲಿಗೂ ಹೊಳೆಗೂ ನಡುವಣ ಕೋಡಿಯ ಮರಳು ನೆಲದಲ್ಲಿ. ಅಲ್ಲಿ ನಿಸರ್ಗದ ಚೆಲುವು ಇರುವಷ್ಟೇ ಬಡತನವೂ ಇದೆ. ಪುರೋಹಿತ ರಾಮ ಐತಾಳರ ಮನೆಯ ಭಾರವನ್ನು ಹೊತ್ತವರು ಮಡದಿ ಪಾರೋತಿ ಮತ್ತು ವಿಧವೆಯಾದ ತಂಗಿ ಸರಸೋತಿ. ಊರು ಎಣಿಕೆಗೆ ತಾರದ ಆ ಹೆಂಗಸರ ದುಡಿಮೆಯನ್ನು ಕಾರಂತರು ಎತ್ತಿ ಹಿಡಿದರು. ‘ಮೂಕಜ್ಜಿಯ ಕನಸುಗಳು’ ಕೃತಿಯಲ್ಲಿ ಬಾಲವಿಧವೆಯಾದ ಮುದುಕಿಯೊಬ್ಬಳು ಮೊಮ್ಮಗನಿಗೆ ಹಳೆಯದನ್ನು ಹೇಳುವಾಗ, ನಂಬಿಕೆಗಳನ್ನು ಒರೆಗೆ ಹಚ್ಚುತ್ತಾಳೆ. 1968ರಲ್ಲಿ ಪ್ರಕಟವಾದ ಈ ಕೃತಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಸರಕಾರದ ಮನ್ನಣೆಗೂ ಅವರು ತಲೆಬಾಗಲಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಜಾರಿಗೆ ಬಂದಾಗ ಅದನ್ನು ಪ್ರತಿಭಟಿಸಿ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಕೊನೆಗಾಲದಲ್ಲಿ ಕೋಟದ ನೆರೆಯ ಸಾಲಿಗ್ರಾಮದಲ್ಲಿ ನೆಲೆಸಿದ ಅವರು 1997ರ ಡಿಸೆಂಬರ್ 9ರಂದು ನಿಧನ ಹೊಂದಿದರು.

ಹುಟ್ಟೂರನ್ನು ಹೊಗಳುವುದು ಸುಲಭ, ಹಳಿಯುವುದೂ ಸುಲಭ. ಅದರ ಚೆಲುವನ್ನೂ ಕೊರತೆಯನ್ನೂ ಒಂದೇ ಕಣ್ಣಿನಿಂದ ಕಂಡು, ಕಂಡುದನ್ನು ಕಂಡಂತೆ ಬರೆಯುವುದು ಕಷ್ಟ. ಆ ಕಷ್ಟದ ಕೆಲಸವನ್ನು ಮಾಡಿದುದರಿಂದಲೇ ಕಡಲ ತೀರದ ಒಂದು ಚಿಕ್ಕ ಊರು ಕನ್ನಡಿಗರೆಲ್ಲರ ಊರಾಯಿತು.