ಕಂಕನಾಡಿಯ ಬಡವರ ಬಂಧು ಫಾದರ್ ಮುಲ್ಲರ್

ಕರಾವಳಿಯ ಜನರಿಗೆ 'ಫಾದರ್ ಮುಲ್ಲರ್' ಎಂದರೆ ಮಂಗಳೂರಿನ ಕಂಕನಾಡಿಯಲ್ಲಿರುವ ದೊಡ್ಡ ಆಸ್ಪತ್ರೆ. ಆ ಹೆಸರಿನ ಹಿಂದಿರುವ ವ್ಯಕ್ತಿ ವೃತ್ತಿಯಿಂದ ವೈದ್ಯರಾಗಿರಲಿಲ್ಲ, ಅವರೊಬ್ಬ ಧರ್ಮಗುರು ಎಂಬ ಸಂಗತಿ ಹೊಸ ತಲೆಮಾರಿನ ಅನೇಕರಿಗೆ ತಿಳಿದಿರಲಾರದು.

ಅಗಸ್ಟಸ್ ಮುಲ್ಲರ್ ಜನಿಸಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ. ಯೇಸುಸಭೆಯನ್ನು ಸೇರಿ ಗುರುದೀಕ್ಷೆ ಪಡೆದ ಅವರು 1878ರ ಡಿಸೆಂಬರ್ 31ರಂದು ತಮ್ಮ ಸಂಗಡಿಗರೊಂದಿಗೆ ಮಂಗಳೂರಿಗೆ ಕಾಲಿಟ್ಟರು. ಇದೇ ತಂಡ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿತು. ಮುಲ್ಲರರೂ ಅಲ್ಲಿ ಅಧ್ಯಾಪಕರಾದರು.

ಆದರೆ ಅವರ ಮನಸ್ಸು ತರಗತಿಯ ಹೊರಗಿದ್ದ ರೋಗಿಗಳ ಕಡೆಗೆ ಹೊರಳಿತು. ಹೋಮಿಯೋಪಥಿಯಲ್ಲಿ ಅವರಿಗೆ ಅಪಾರ ಆಸಕ್ತಿ. ಅದೇ 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಔಷಧಿ ಹಂಚತೊಡಗಿದರು. ಇಂದಿನ ಬೃಹತ್ ಸಂಸ್ಥೆಯ ಮೂಲ ಇದೇ.

ಬರಿಯ ಕರುಣೆಯಿಂದ ಆಸ್ಪತ್ರೆ ನಡೆಯದು, ಹಣವೂ ಬೇಕು. ಮುಲ್ಲರರು ಅದಕ್ಕೂ ದಾರಿ ಕಂಡುಕೊಂಡರು. ಅವರ ಔಷಧಿಗಳಿಗೆ ದೇಶದ ನಾನಾ ಭಾಗಗಳಿಂದ ಬೇಡಿಕೆ ಬಂದಿತು. ಮಾರಾಟದಿಂದ ದೊರೆತ ಆದಾಯವನ್ನು ಅವರು ಬಡರೋಗಿಗಳ ಆರೈಕೆಗೆ ವಿನಿಯೋಗಿಸಿದರು.

1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮ ತೆರೆದದ್ದು ಅವರ ಬದುಕಿನ ಬಹುದೊಡ್ಡ ಹೆಜ್ಜೆ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಗುರುತಿಸಿದ್ದರೂ ಪರಿಣಾಮಕಾರಿ ಮದ್ದು ದೊರೆತದ್ದು 1940ರ ದಶಕದಲ್ಲಿ. ಹೀಗಾಗಿ ರೋಗವನ್ನು ಬೇರುಸಹಿತ ಕಿತ್ತೊಗೆಯುವ ಶಕ್ತಿ ಮುಲ್ಲರರ ಕೈಯಲ್ಲಿಯೂ ಇರಲಿಲ್ಲ. ಮನೆಯವರೇ ಹೊರಗಟ್ಟುತ್ತಿದ್ದ ಕಾಲದಲ್ಲಿ ರೋಗಿಗೊಂದು ಸೂರು, ಹೊತ್ತಿಗೆ ಅನ್ನ, ಹುಣ್ಣಿಗೆ ಆರೈಕೆ ಸಿಗುವುದೇ ಮರುಹುಟ್ಟಿನಂತಿತ್ತು. ಗುಣಪಡಿಸಲಾಗದವರನ್ನೂ ಕೈಬಿಡಬಾರದೆಂಬುದು ಅವರ ಸೇವೆಯ ತಿರುಳಾಗಿತ್ತು.

1895ರಲ್ಲಿ ಸಾಮಾನ್ಯ ಆಸ್ಪತ್ರೆ ತಲೆಯೆತ್ತಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ದೇಶದ ಹಲವೆಡೆ ಹಬ್ಬಿ, ಮಂಗಳೂರನ್ನೂ ಕಾಡಿತು. 1902ರಲ್ಲಿ ಪ್ಲೇಗು ರೋಗಿಗಳಿಗೆಂದೇ ಮುಲ್ಲರರು ಪ್ರತ್ಯೇಕ ಆಸ್ಪತ್ರೆಯನ್ನು ತೆರೆದರು. ಬ್ರಿಟಿಷ್ ಸರಕಾರ 1907ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿ ಗೌರವಿಸಿತು.

1910ರ ನವೆಂಬರ್ 1ರಂದು ಮುಲ್ಲರರು ಮಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. ಮುಂದೆ ಮಂಗಳೂರು ಧರ್ಮಪ್ರಾಂತ್ಯದ ಆಡಳಿತಕ್ಕೆ ಸೇರಿದ ಸಂಸ್ಥೆ 1985ರಲ್ಲಿ ಹೋಮಿಯೋಪಥಿ ಕಾಲೇಜನ್ನು, 1999ರಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಆಲದ ಮರದ ನೆರಳು ಹೀಗೆ ಹಿರಿದಾಗಿದೆ. ಆ ನೆರಳನ್ನು ಮೊದಲು ಅರಸಿ ಬಂದವರು ಕಾಸಿಲ್ಲದ ಬಡವರು ಎಂಬುದನ್ನು ನೆನಪಿಡುವುದೇ ಮುಲ್ಲರರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.